ಮಗನ ಗಿಟಾರು, ಎಂಟು ಪದರ ಲ್ಯಾಕರು

ಬೇಸಿಗೆ ರಜೆಗೆ ಬರುವ ನನ್ನ ಮೊಮ್ಮಗಳು ಅಟ್ಟ ಹತ್ತಿದಳೆಂದರೆ ಏನಾದರೂ ಒಂದನ್ನು ಕೆಳಗಿಳಿಸದೆ ತಾನು ಇಳಿಯುವವಳಲ್ಲ. ಹೋದ ವರ್ಷ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ಇಳಿದಿತ್ತು. ಈ ವರ್ಷ ಇಳಿದದ್ದು ಹಳೆಯ ದುಪ್ಪಟಿಯಲ್ಲಿ ಸುತ್ತಿ ಸೆಣಬಿನ ಹುರಿಯಿಂದ ಬಿಗಿದಿದ್ದ ಒಂದು ದೊಡ್ಡ ಗಂಟು. ಗಂಟು ಹಾಕಿದವನು ನಾನೇ. ಬ್ಯಾಂಕಿನಲ್ಲಿ ಹಣದ ಚೀಲಕ್ಕೆ ಹಾಕುತ್ತಿದ್ದ ಗಂಟು ಅದು, ಸುಲಭಕ್ಕೆ ಬಿಚ್ಚುವುದಿಲ್ಲ. ಅವಳು ಕತ್ತರಿಯಿಂದ ಕತ್ತರಿಸಿದಳು.

ಒಳಗಿದ್ದದ್ದು ನನ್ನ ಮಗನ ಗಿಟಾರು. ಕಲ್ಕತ್ತಾದಲ್ಲಿ ತಯಾರಾದ, ಪ್ಲೈವುಡ್ ಮೈಯ ಸಾಧಾರಣ ವಾದ್ಯ. ತಂತಿಗಳು ತುಕ್ಕು ಹಿಡಿದಿದ್ದವು. ಮೈಮೇಲಿನ ಪಾಲಿಶ್ ಬಿಸಿಲಿಗೆ ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಟ್ಟು ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಕೆಳಭಾಗದ ಅಂಚಿನ ಹತ್ತಿರ ಹೆಬ್ಬೆಟ್ಟಿನಷ್ಟು ಅಗಲದ ಒಂದು ತಗ್ಗು, ಅಲ್ಲಿಂದ ಹೊರಟ ಎರಡು ಇಂಚಿನ ಗೀರು.

"ತಾತ, ಇದು ಹೇಗಾಯ್ತು?" ಎಂದು ಅವಳು ಬೆರಳಿಟ್ಟು ಕೇಳಿದಳು.

"ಬಿದ್ದಿತ್ತು" ಎಂದೆ.

ಅವಳು ನಂಬಿದಳು. ಒಳಗೆ ತರಕಾರಿ ಹೆಚ್ಚುತ್ತಿದ್ದ ನಮ್ಮ ಮನೆಯವಳ ಈಳಿಗೆಮಣೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಮೊಮ್ಮಗಳಿಗೆ ಗಿಟಾರ್ ಕಲಿಯುವ ಆಸೆ. ಬೆಂಗಳೂರಿನಲ್ಲಿ ಅವಳ ಶಾಲೆಯ ಪಕ್ಕದಲ್ಲೇ ಕಲಿಸುತ್ತಾರಂತೆ. "ಇದನ್ನೇ ಹೊಸದರ ಹಾಗೆ ಮಾಡಿಕೊಡ್ತೀಯಾ ತಾತ? ಆಕಾಶದ ನೀಲಿ ಬಣ್ಣ ಹೊಡಿ. ಅಪ್ಪಂಗೆ ಹೇಳಬೇಡ, ಸರ್‌ಪ್ರೈಸ್" ಎಂದಳು. ದಸರಾ ರಜೆಗೆ ಸಿದ್ಧವಿರುತ್ತದೆ ಎಂದು ಮಾತು ಕೊಟ್ಟೆ. ನೀಲಿ ಬಣ್ಣ ಎಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಅದು ಯಾಕೆ ಎಂದು ಮುಂದೆ ಹೇಳುತ್ತೇನೆ.

ನಮ್ಮ ಬೀದಿಯಲ್ಲಿ ಮರಗೆಲಸದ ಆಚಾರ್ರೊಬ್ಬರಿದ್ದಾರೆ. ಗಿಟಾರನ್ನು ಹೊತ್ತು ಅವರಲ್ಲಿಗೆ ಹೋದೆ. ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. "ಮರ ಚೆನ್ನಾಗಿದೆ ಸಾರ್, ಎಲ್ಲೂ ಬಿಟ್ಟಿಲ್ಲ. ಎರಡು ದಾರಿ ಇದೆ. ತಗ್ಗಿಗೆ ವುಡ್ ಪುಟ್ಟಿ ತುಂಬಿ, ಮೇಲೆ ಡ್ಯೂಕೊ ಹೊಡೆದರೆ ಏನಾಗಿತ್ತು ಅನ್ನೋದೇ ಯಾರಿಗೂ ಗೊತ್ತಾಗಲ್ಲ. ಇಲ್ಲ, ಕ್ಲಿಯರ್ ಲ್ಯಾಕರ್ ಹೊಡೀತೀನಿ ಅಂದ್ರೆ ಮರ ಇದ್ದ ಹಾಗೇ ಕಾಣುತ್ತೆ. ಆದರೆ ಒಂದು ಮಾತು. ಲ್ಯಾಕರ್ ಏನನ್ನೂ ಮುಚ್ಚಲ್ಲ. ಹೊಳಪು ಬಂದಷ್ಟೂ ತಗ್ಗು ಎದ್ದು ಕಾಣುತ್ತೆ."

"ಡ್ಯೂಕೊನೇ ಇರಲಿ" ಎಂದುಬಿಟ್ಟೆ.

ಮಕ್ಕಳೇ, ಈ ಡ್ಯೂಕೊ ಎಂಬ ಹೆಸರನ್ನು ಗ್ಯಾರೇಜಿನಲ್ಲೋ ಬಡಗಿಯ ಬಾಯಲ್ಲೋ ನೀವೂ ಕೇಳಿರುತ್ತೀರಿ. ಅದು 1920ರ ದಶಕದಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಕಾರುಗಳಿಗೆಂದು ತಂದ ಲ್ಯಾಕರಿನ ಹೆಸರು. ಅದಕ್ಕೂ ಮೊದಲು ಒಂದು ಕಾರಿನ ಬಣ್ಣ ಪೂರ್ತಿ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಲ್ಯಾಕರ್ ಬಂದ ಮೇಲೆ ಆ ಕೆಲಸ ಗಂಟೆಗಳಿಗೆ ಇಳಿಯಿತು. 1950ರ ದಶಕದಲ್ಲಿ ಫೆಂಡರ್ ಕಂಪನಿಯವರು ತಮ್ಮ ಎಲೆಕ್ಟ್ರಿಕ್ ಗಿಟಾರುಗಳಿಗೆ ಕಾರಿನ ಬಣ್ಣಗಳನ್ನೇ ಬಳಿದರು. ನನ್ನ ಮೊಮ್ಮಗಳು ಕೇಳಿದ ನೀಲಿ ಹೊಸತೇನಲ್ಲ.

ಲ್ಯಾಕರ್ ಎಂಬ ಮಾತಿನ ಮೂಲ ಮಾತ್ರ ನಮ್ಮದೇ. ಸಂಸ್ಕೃತದ ಲಾಕ್ಷಾ, ಎಂದರೆ ಅರಗು. ಮುತ್ತುಗ, ಬೋರೆಯಂಥ ಮರಗಳ ಎಳೆಯ ಕೊಂಬೆಗಳ ಮೇಲೆ ಸಾವಿರಾರು ಪುಟ್ಟ ಕೀಟಗಳು ಒತ್ತೊತ್ತಾಗಿ ಕೂತು ರಸ ಹೀರಿ ಸ್ರವಿಸುವ ಅಂಟು ಅದು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆ ಈ ಅರಗಿನದು. ಚನ್ನಪಟ್ಟಣದ ಗೊಂಬೆಯ ಹೊಳಪೂ ಇದರದೇ. ಆಲೆ ಮರದ ತುಂಡು ಲೇತಿನ ಮೇಲೆ ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ನಮ್ಮ ಮೈಸೂರಿನಲ್ಲಿ ಚುನಾವಣೆಯ ಅಳಿಸಲಾಗದ ಶಾಯಿ ಮಾಡುವ ಕಾರ್ಖಾನೆ ಇದೆಯಲ್ಲ, 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಆ ಹೆಸರಿನಲ್ಲಿರುವ ಲ್ಯಾಕ್ ಎಂದರೂ ಅರಗೇ.

ನನಗೆ ಅರಗಿನ ನಂಟು ಬ್ಯಾಂಕಿನಿಂದ ಬಂದದ್ದು. ಚಿನ್ನದ ಸಾಲದ ಪೊಟ್ಟಣ, ಬೇರೆ ಶಾಖೆಗೆ ಕಳಿಸುವ ನಕಲಿ ಬೀಗದ ಕೈಗಳ ಲಕೋಟೆ, ಎಲ್ಲಕ್ಕೂ ಅರಗಿನ ಮುದ್ರೆ ಬೀಳಬೇಕಿತ್ತು. ಮೇಣದಬತ್ತಿಗೆ ಅರಗಿನ ಕಡ್ಡಿ ಹಿಡಿದು, ಕೆಂಪು ಹನಿ ಬಿದ್ದೊಡನೆ ಒದ್ದೆ ಮಾಡಿದ ಹಿತ್ತಾಳೆ ಮುದ್ರೆ ಒತ್ತುತ್ತಿದ್ದೆವು. ನನ್ನ ಬಲಗೈಯ ತೋರುಬೆರಳಿನ ಮೇಲೆ ಅದರ ಒಂದು ಗುರುತು ಈಗಲೂ ಇದೆ.

ಆದರೆ ಇವತ್ತು ಅಂಗಡಿಯಲ್ಲಿ ಎನ್.ಸಿ. ಲ್ಯಾಕರ್ ಎಂದು ಡಬ್ಬದಲ್ಲಿ ಸಿಗುವುದರಲ್ಲಿ ಕೀಟದ ಅರಗಿಲ್ಲ. ಎನ್.ಸಿ. ಎಂದರೆ ನೈಟ್ರೊಸೆಲ್ಯುಲೋಸ್. ಹತ್ತಿ ಅಥವಾ ಮರದ ನಾರನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳಲ್ಲಿ ಸಂಸ್ಕರಿಸಿ ಮಾಡುವ ವಸ್ತು. ಹೆಸರು ಅರಗಿನದು, ಒಳಗಿರುವುದು ನಾರು. ಬೆಂಕಿಯ ವಿಷಯದಲ್ಲಿ ಮಾತ್ರ ಇದು ಅರಗಿನ ಮನೆಗೇನೂ ಕಡಿಮೆಯಲ್ಲ. ಬಂದೂಕಿನ ಮದ್ದಿಗೂ ಹಿಂದಿನ ಕಾಲದ ಸಿನಿಮಾ ರೀಲಿಗೂ ಇದೇ ಮೂಲವಸ್ತು. ಹಳೆಯ ರೀಲುಗಳು ಹಾಗೆ ಧಗ್ಗನೆ ಹೊತ್ತಿಕೊಳ್ಳುತ್ತಿದ್ದದ್ದು ಅದಕ್ಕೇ.

ಜೂನ್ ತಿಂಗಳಲ್ಲಿ ಕೆಲಸಕ್ಕೆ ಕೂತೆ. ಮೊದಲು ಬಿರಡೆಗಳನ್ನು ಒಂದೊಂದಾಗಿ ಸಡಿಲಿಸಿ ತಂತಿ ಬಿಚ್ಚಿದೆ. ಕೊರಳಿನ ಪಟ್ಟಿಗೂ ತಂತಿ ಕೂರುವ ಕುದುರೆಗೂ ಮಾಸ್ಕಿಂಗ್ ಟೇಪ್ ಹಚ್ಚಿದೆ. ನಡುವಿನ ತೂತಿಗೆ ಕಾಗದ ತುರುಕಿದೆ. ಆಮೇಲೆ ಎಮರಿ ಪೇಪರಿನಿಂದ ಹಳೆಯ ಪಾಲಿಶ್ ಉಜ್ಜಿ ತೆಗೆಯುವುದು. 180ನೇ ನಂಬರಿನಿಂದ ಶುರು, ಆಮೇಲೆ 220, ಕೊನೆಗೆ 320. ಮರದ ಗೆರೆ ಹೋದ ದಿಕ್ಕಿನಲ್ಲೇ ಉಜ್ಜಬೇಕು. ಅಡ್ಡ ಉಜ್ಜಿದರೆ ಬೀಳುವ ಗೀರು ಆಗ ಕಾಣುವುದಿಲ್ಲ, ಲ್ಯಾಕರ್ ಬಿದ್ದ ಮೇಲೆ ಕಾಣುತ್ತದೆ.

ಇಲ್ಲಿ ನಾನೊಂದು ಎಡವಟ್ಟು ಮಾಡಿದೆ. ಗಿಟಾರಿನ ಮುಖದ ಹಲಗೆ ಇಡಿಯಾಗಿ ಸುಮಾರು ಮೂರು ಮಿಲಿಮೀಟರ್ ದಪ್ಪ. ಅದು ಪ್ಲೈವುಡ್ ಆಗಿದ್ದರೆ ಮೇಲಿನ ಚೆಂದದ ಪದರ ದಪ್ಪ ಕಾಗದದಷ್ಟೇ. ರೇಡಿಯೊದಲ್ಲಿ ವಾರ್ತೆ ಕೇಳುತ್ತಾ ಒಂದೇ ಕಡೆ ಉಜ್ಜುತ್ತಿದ್ದವನಿಗೆ ಅಂಚಿನಲ್ಲಿ ಬೇರೆ ಬಣ್ಣದ ಮರ ಇಣುಕಿದಾಗಲೇ ಎಚ್ಚರ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಹೋಯಿತು. ಅದನ್ನು ಮರಳಿ ತರಲು ಯಾವ ಆಚಾರ್ರಿಗೂ ಆಗುವುದಿಲ್ಲ. ಹಳೆಯ ಪಾಲಿಶ್ ಪೂರ್ತಿ ಹೋಗಲೇಬೇಕೆಂಬ ಹಟ ಬೇಡ, ಎದ್ದ ಚಕ್ಕೆ ಹೋಗಿ ಮೈ ಸಮನಾದರೆ ಸಾಕು ಎಂದು ನಾನು ಕಲಿತದ್ದು ಹೀಗೆ.

ಮಾರನೆಯ ದಿನ ಉಜ್ಜುತ್ತಾ ಆ ತಗ್ಗಿನ ಹತ್ತಿರ ಬಂದೆ.

1997ರ ಫೆಬ್ರವರಿ. ಮಗನ ಎರಡನೇ ಪಿಯುಸಿ ಪರೀಕ್ಷೆಗೆ ಇನ್ನೇನು ತಿಂಗಳು ಎನ್ನುವಾಗ. ಸ್ಕಾಲರ್‌ಶಿಪ್ಪಿನ ಹಣಕ್ಕೆ ಅವನ ಅಜ್ಜಿ ಕೊಟ್ಟದ್ದನ್ನು ಸೇರಿಸಿ 1,400 ರೂಪಾಯಿಗೆ ತಾನೇ ಕೊಂಡಿದ್ದ ಗಿಟಾರು. ಅವತ್ತು ನನ್ನ ಕೌಂಟರಿನಲ್ಲಿ ಲೆಕ್ಕ ತಾಳೆಯಾಗದೆ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದೆ. ಪುಸ್ತಕ ಮುಚ್ಚಿತ್ತು, ಅವನು ನುಡಿಸುತ್ತಿದ್ದ. ಅವನ ಕೈಯಿಂದ ಕಿತ್ತುಕೊಂಡೆ. ಕಿತ್ತ ರಭಸಕ್ಕೆ ಅದು ಕಬ್ಬಿಣದ ಬೀರುವಿನ ಮೂಲೆಗೆ ಬಡಿಯಿತು. ತಂತಿಗಳೆಲ್ಲ ಒಟ್ಟಿಗೆ ಝೇಂಕರಿಸಿದ ಸದ್ದು ಎಷ್ಟು ಹೊತ್ತು ಇತ್ತೆಂದರೆ, ಅದು ನಿಲ್ಲುವವರೆಗೂ ನಾವಿಬ್ಬರೂ ಹಾಗೇ ನಿಂತಿದ್ದೆವು. ಆ ರಾತ್ರಿಯೇ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದೆ. ಪರೀಕ್ಷೆ ಮುಗಿದ ಮೇಲೆ ಅವನು ಕೇಳಲಿಲ್ಲ. ನಾನೂ ಇಳಿಸಿ ಕೊಡಲಿಲ್ಲ. ಅವನು ಎಂಜಿನಿಯರಾದ, ಮದುವೆಯಾದ. ಈ 28 ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಜಗಳವೇನೂ ಇಲ್ಲ. ಹಾಡಿನ ವಿಷಯ ಮಾತ್ರ ಮಾತಿಗೆ ಬಂದದ್ದಿಲ್ಲ.

ಆಚಾರ್ರು ಹೇಳಿಕೊಟ್ಟಂತೆ ತಗ್ಗಿನ ಮೇಲೆ ಒದ್ದೆ ಬಟ್ಟೆ ಇಟ್ಟು ಬಿಸಿ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಎರಡು ಮೂರು ಸಲ ತಾಗಿಸಿದೆ. ಮರದ ನಾರು ಬರೀ ಒತ್ತಿಹೋಗಿದ್ದರೆ ಹಬೆ ಕುಡಿದು ಉಬ್ಬುತ್ತದೆ. ತುಂಡಾಗಿದ್ದರೆ ಉಬ್ಬುವುದಿಲ್ಲ. ಹೆಚ್ಚು ಹೊತ್ತು ಇಟ್ಟರೆ ಪ್ಲೈವುಡ್ಡಿನ ಅಂಟು ಬಿಡುವ ಭಯ ಬೇರೆ. ತಗ್ಗು ಅರ್ಧ ಮೇಲೆದ್ದಿತು. ಗೀರು ಹಾಗೇ ಉಳಿಯಿತು.

ಅವತ್ತು ಸಂಜೆ ಮೊಮ್ಮಗಳ ಫೋನ್ ಬಂತು. "ಎಲ್ಲಿಗೆ ಬಂತು ತಾತ ಕೆಲಸ?" ಬ್ಯಾಂಕಿನಲ್ಲಿ ಲೆಡ್ಜರ್ ಬರೆದವರಿಗೆಲ್ಲ ಗೊತ್ತು, ತಪ್ಪು ಎಂಟ್ರಿಯನ್ನು ಅಳಿಸುವಂತಿಲ್ಲ, ಕೆರೆಯುವಂತಿಲ್ಲ. ಕೆಳಗಿನದು ಓದಲು ಬರುವಂತೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಮೂವತ್ತಾರು ವರ್ಷ ಹಾಗೇ ಮಾಡಿದವನು ಹನ್ನೊಂದು ವರ್ಷದ ಹುಡುಗಿಗೆ ಸುಳ್ಳು ಹೇಳಿದ್ದೆ. "ಅದು ಬಿದ್ದದ್ದಲ್ಲಮ್ಮ" ಎಂದು ಶುರುಮಾಡಿ ಇದ್ದದ್ದನ್ನು ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಪ್ಪ ಅತ್ರಾ?" ಎಂದಳು.

"ಇಲ್ಲ. ಅಳಲಿಲ್ಲ."

"ಹಾಗಾದ್ರೆ ನೀಲಿ ಬೇಡ ತಾತ. ನೀಲಿ ಹೊಡೆದ್ರೆ ಇದು ತನ್ನ ಗಿಟಾರ್ ಅಂತ ಅಪ್ಪಂಗೆ ಗೊತ್ತಾಗೋದು ಹೇಗೆ?"

ಅಷ್ಟು ಸರಳವಾದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮರುದಿನ ಡ್ಯೂಕೊ ಬೇಡವೆಂದು ಹೇಳಿ ಕ್ಲಿಯರ್ ಲ್ಯಾಕರ್, ಸ್ಯಾಂಡಿಂಗ್ ಸೀಲರ್, ಥಿನ್ನರ್ ತಂದೆ. ಆಚಾರ್ರು ತಮ್ಮ ಸಣ್ಣ ಕಂಪ್ರೆಸರ್ ಮತ್ತು ಸ್ಪ್ರೇ ಗನ್ ಎರವಲು ಕೊಟ್ಟರು.

ಸೀಲರ್ ಎಂದರೆ ಮರದ ಸಣ್ಣ ಸಣ್ಣ ರಂಧ್ರಗಳನ್ನು ತುಂಬುವ ತಳಪದರ. ಎರಡು ಸಲ ಹೊಡೆದು, ಒಣಗಿದ ಮೇಲೆ 320ರಲ್ಲಿ ಹಗುರಾಗಿ ಉಜ್ಜಿದೆ. ಜುಲೈ ಮೊದಲ ವಾರ, ಮೋಡ ಮುಚ್ಚಿದ್ದ ಒಂದು ದಿನ, ಅವಸರಕ್ಕೆ ಬಿದ್ದು ಮೊದಲ ಲ್ಯಾಕರ್ ಹೊಡೆದೆ. ಹತ್ತು ನಿಮಿಷದಲ್ಲಿ ಗಿಟಾರಿನ ಮೈ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಕೆಟ್ಟೇಹೋಯಿತೆಂದುಕೊಂಡೆ.

ಇದರ ಕಾರಣ ಬಿ.ಕಾಂ. ಓದಿದ ನನಗೂ ಅರ್ಥವಾಗುವಂಥದ್ದೇ. ಸೂಜಿ ಚುಚ್ಚುವ ಮೊದಲು ನರ್ಸ್ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲ? ಥಿನ್ನರ್ ಕೂಡ ಹಾಗೇ ಬೇಗ ಆರುತ್ತಾ ಮೈಯನ್ನು ತಣ್ಣಗೆ ಮಾಡುತ್ತದೆ. ತಣ್ಣನೆಯ ಮಜ್ಜಿಗೆ ಲೋಟದ ಹೊರಗೆ ನೀರು ಹನಿಯುವಂತೆ, ಗಾಳಿಯಲ್ಲಿನ ತೇವ ಒದ್ದೆ ಲ್ಯಾಕರಿನ ಮೇಲೆ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಆ ತೇವವೇ ಬಿಳಿ. ಪರಿಹಾರವೂ ಸುಲಭ, ಒಣ ದಿನಕ್ಕೆ ಕಾಯುವುದು. ಆಗಸ್ಟಿನಲ್ಲಿ ಒಂದು ವಾರ ಮಳೆ ಬಿಡುವು ಕೊಟ್ಟಿತು. ನಿಧಾನ ಆರುವ ಥಿನ್ನರನ್ನು ಮಂಜಿನಷ್ಟು ತೆಳ್ಳಗೆ ಹೊಡೆದೊಡನೆ ಲ್ಯಾಕರ್ ಕರಗಿ, ತೇವ ಹಾರಿ, ಬಿಳಿ ಮಾಯವಾಯಿತು.

ಲ್ಯಾಕರಿನ ದೊಡ್ಡ ಗುಣವೇ ಇದು. ಎಣ್ಣೆ ಬಣ್ಣ ಒಮ್ಮೆ ಒಣಗಿದರೆ ಮುಗಿಯಿತು, ಹೊಸ ಪದರ ಅದರ ಮೇಲೆ ಬೇರೆಯಾಗಿ ಕೂರುತ್ತದೆ. ಲ್ಯಾಕರಿನಲ್ಲಿ ಹೊಸ ಪದರದ ಥಿನ್ನರ್ ಹಳೆಯ ಪದರವನ್ನು ಸ್ವಲ್ಪ ಕರಗಿಸಿ ಒಂದಾಗಿಸುತ್ತದೆ. ಎಂಟು ಸಲ ಹೊಡೆದರೂ ಕೊನೆಗೆ ಉಳಿಯುವುದು ಒಂದೇ ಪದರ. ನಾನು ಲ್ಯಾಕರಿಗೆ ಸಮಪ್ರಮಾಣದ ಥಿನ್ನರ್ ಬೆರೆಸಿ, ತಾರಸಿಯ ನೆರಳಿನಲ್ಲಿ ಬಟ್ಟೆ ಒಣಗಿಸುವ ತಂತಿಗೆ ಗಿಟಾರನ್ನು ನೇತುಹಾಕಿ, ಬೆಳಿಗ್ಗೆ ಗಂಟೆಗೊಂದರಂತೆ ದಿನಕ್ಕೆ ಎರಡು ಪದರ ಹೊಡೆದೆ. ನಾಲ್ಕು ದಿನ. ಪ್ರತಿ ಸಲವೂ ತೆಳ್ಳಗೆ. ದಪ್ಪ ಹೊಡೆದರೆ ಸೋರಿ ಗೆರೆ ಬೀಳುತ್ತದೆ. ಅದಕ್ಕಿಂತ ಹೆಚ್ಚಾಗಿ ಹಲಗೆ ಕಂಪಿಸದೆ ನಾದ ಮಂಕಾಗುತ್ತದೆ, ಎತ್ತಿನ ಕೊರಳ ಗಂಟೆಗೆ ಬಟ್ಟೆ ಸುತ್ತಿದ ಹಾಗೆ.

ಮಕ್ಕಳೇ, ಈ ಸ್ಪ್ರೇ ಕೆಲಸ ನೀವು ಮಾಡುವುದಲ್ಲ, ಪಕ್ಕದಲ್ಲಿ ನಿಂತು ನೋಡುವುದೂ ಅಲ್ಲ. ದೊಡ್ಡವರಿಗೂ ಬಟ್ಟೆಯ ಮಾಸ್ಕ್ ಸಾಲದು, ರಾಸಾಯನಿಕ ಆವಿ ತಡೆಯುವ ಕ್ಯಾನಿಸ್ಟರ್ ಇರುವ ಮಾಸ್ಕೇ ಬೇಕು. ಬೀಡಿ, ಊದುಬತ್ತಿ, ಒಲೆ ಯಾವುದೂ ಹತ್ತಿರ ಇರಬಾರದು. ಆ ನಾಲ್ಕು ದಿನ ನಮ್ಮ ಮನೆಯವಳು ತಾರಸಿಯ ತುಳಸಿಗೆ ಬೆಳಗಿನ ದೀಪ ಹಚ್ಚಲಿಲ್ಲ. ಅಡುಗೆಮನೆಯಿಂದಲೇ ಕೈಮುಗಿದು, "ನಿಮ್ಮ ಲ್ಯಾಕರಿನ ಮಡಿ ಮುಗಿದ ಮೇಲೆ ಹೇಳಿ" ಎಂದಳು.

ಗೀರಿನ ಕೆಲಸ ಕೊನೆಗೆ ಉಳಿದಿತ್ತು. ಸಣ್ಣ ಬ್ರಷ್ಷಿನ ತುದಿಯಲ್ಲಿ ಒಂದೇ ಹನಿ ಲ್ಯಾಕರ್ ತೆಗೆದು ಗೀರಿನೊಳಗೆ ಬಿಡುವುದು. ಒಣಗಿದರೆ ಅದು ಕುಗ್ಗಿ ಮತ್ತೆ ತಗ್ಗಾಗುತ್ತದೆ. ಮರುದಿನ ಇನ್ನೊಂದು ಹನಿ. ಹದಿನಾಲ್ಕು ದಿನ ಹೀಗೆ ಮಾಡಿದ ಮೇಲೆ ಅದು ಸುತ್ತಲಿನ ಮೈಗಿಂತ ಕೂದಲೆಳೆಯಷ್ಟು ಮೇಲೆ ಬಂತು.

ಆಮೇಲೆ ಏನೂ ಮಾಡದೆ ಇರುವ ಕೆಲಸ. ಲ್ಯಾಕರ್ ಹದಿನೈದು ನಿಮಿಷಕ್ಕೆ ಮುಟ್ಟಲು ಬರುತ್ತದೆ, ಒಳಗಿನಿಂದ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಪರೀಕ್ಷೆ ಮಾಡಲು ಮೂಗು ಸಾಕು. ಹತ್ತಿರ ಹೋಗಿ ಮೂಸಿದಾಗ ಥಿನ್ನರಿನ ವಾಸನೆ ಬಂದರೆ ಇನ್ನೂ ಕಾಯಬೇಕೆಂದೇ ಅರ್ಥ. ದಿನಾ ಬೆಳಿಗ್ಗೆ ನಾನು ಗಿಟಾರನ್ನು ಮೂಸುವುದನ್ನು ಕಂಡು ಹಾಲಿನ ಹುಡುಗ ನಕ್ಕದ್ದೂ ಆಯಿತು.

ಸೆಪ್ಟೆಂಬರ್ ಕೊನೆಗೆ ವಾಸನೆ ನಿಂತಿತು. ಸೋಪು ಬೆರೆಸಿದ ನೀರಿನಲ್ಲಿ ಅದ್ದಿದ 1000, 1500, 2000ದ ವಾಟರ್ ಪೇಪರಿನಿಂದ ಹದವಾಗಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತನೆಯ ಬಟ್ಟೆಯಲ್ಲಿ ತಿಕ್ಕಿದೆ. ಕಿಟಕಿಯ ಸರಳುಗಳು ಗಿಟಾರಿನ ಮೈಯಲ್ಲಿ ಕಂಡವು. ಆಚಾರ್ರ ಮಾತು ನಿಜವಾಗಿತ್ತು. ಗೀರು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಉಜ್ಜಿ ಕೆಡಿಸಿದ ನಾಣ್ಯದಗಲದ ಜಾಗವೂ ಅದರ ಪಕ್ಕದಲ್ಲೇ ಇತ್ತು.

ದಸರಾ ರಜೆಗೆ ಎಲ್ಲರೂ ಬಂದರು. ಮೊಮ್ಮಗಳು ಗಿಟಾರನ್ನು ತಂದು ಅವಳ ಅಪ್ಪನ ತೊಡೆಯ ಮೇಲಿಟ್ಟಳು. ಅವನು ಮೊದಲು ತಂತಿ ಮುಟ್ಟಲಿಲ್ಲ. ಗಿಟಾರನ್ನು ವಾರೆ ಮಾಡಿ, ಹೆಬ್ಬೆರಳನ್ನು ನೇರ ಆ ಜಾಗಕ್ಕೇ ತಂದ. ಒಂದು ಸಲ ಸವರಿದ. ಇನ್ನೊಂದು ಸಲ ಸವರಿದ. ಕಣ್ಣಿಗೆ ಕಾಣುತ್ತಿದ್ದದ್ದು ಬೆರಳಿಗೆ ಸಿಗುತ್ತಿರಲಿಲ್ಲ.

"ಇದನ್ನ ಮುಚ್ಚಬಹುದಿತ್ತಲ್ಲಪ್ಪಾ" ಎಂದ.

"ಮುಚ್ಚಬಹುದಿತ್ತು. ಅವತ್ತು ನಾನು ಹಾಗೆ ಮಾಡಬಾರದಿತ್ತು ಕಣೋ" ಎಂದೆ. ಇಷ್ಟು ಹೇಳಲು 28 ವರ್ಷ ಬೇಕಾಗಿತ್ತೇ ಎಂದು ನೀವು ಕೇಳಬಹುದು. ಬೇಕಾಗಿರಲಿಲ್ಲ.

ಅವನು ತಲೆಯಾಡಿಸಿದ. ನನ್ನ ಕಡೆ ನೋಡಲಿಲ್ಲ. ಬಿರಡೆ ತಿರುವುತ್ತಾ ಶ್ರುತಿ ಮಾಡತೊಡಗಿದ. ಎರಡು ತಂತಿ ಸರಿಯಾಗುವಷ್ಟರಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಬೆರಳು ಎಲ್ಲಿ ಎಂದು ತೋರಿಸುತ್ತಿದ್ದ. ಒಂದೂ ಮರೆತಿರಲಿಲ್ಲ.

ಖರ್ಚಿನ ಲೆಕ್ಕ ಬರೆದಿಟ್ಟಿದ್ದೇನೆ. ಹೊಸ ತಂತಿ, ಮಾಸ್ಕ್ ಎಲ್ಲ ಸೇರಿ 2,340 ರೂಪಾಯಿ, ಗಿಟಾರಿನ ಮೂಲ ಬೆಲೆಗಿಂತ 940 ಹೆಚ್ಚು. ಮನೆಯಲ್ಲಿ ಇಂಥದ್ದು ಮಾಡಹೊರಟವರಿಗೆ ಇನ್ನೊಂದು ಮಾತು. ಎನ್.ಸಿ. ಲ್ಯಾಕರ್ ಹೊಡೆದ ವಾದ್ಯವನ್ನು ರಬ್ಬರ್ ಹಿಡಿಕೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡಿ. ತಾಗಿದ ಕಡೆ ಲ್ಯಾಕರ್ ಮೆತ್ತಗಾಗಿ ಅಂಟುತ್ತದೆ. ನಡುವೆ ಹತ್ತಿಯ ಬಟ್ಟೆ ಹಾಕಿ. ನಮ್ಮ ಗಿಟಾರಿನ ಜೊತೆ ಅದೇ ಹಳೆಯ ದುಪ್ಪಟಿಯ ಒಂದು ತುಂಡು ಬೆಂಗಳೂರಿಗೆ ಹೋಗಿದೆ.

ಡಬ್ಬದ ತಳದಲ್ಲಿ ಇನ್ನೂ ಕಾಲು ಲೀಟರ್ ಲ್ಯಾಕರ್ ಉಳಿದಿದೆ. ನಮ್ಮ ಮನೆಯವಳು ಊಟದ ಮಣೆಗಳನ್ನು ಒಂದರ ಮೇಲೊಂದು ಜೋಡಿಸಿ ತಾರಸಿಯ ಮೆಟ್ಟಿಲ ಬಳಿ ಇಟ್ಟಿದ್ದಾಳೆ. ಆರು ಮಣೆ. ನಾನು ಒಣ ಹವೆಗೆ ಕಾಯುತ್ತಿದ್ದೇನೆಂದು ಹೇಳಿದ್ದೇನೆ.